ಮನೆಗಾಡಿ, ಗುಂಡುತೋಪು ಮತ್ತು ದುಡಿಯುವವನ ರಜೆ

ಪಟ್ಟಣದ ಉಳ್ಳವರಿಗೆ ಈಚೆಗೆ ಹೊಸದೊಂದು ಪ್ರವಾಸದ ಹುಚ್ಚು ಹತ್ತಿದೆ. ಮಲಗಲು ಮಂಚ, ಅಡಿಗೆಗೆ ಒಲೆ, ಹಾಲು ಮೊಸರಿಗೆ ಫ್ರಿಜ್ಜು, ಸ್ನಾನಕ್ಕೆ ಬಿಸಿನೀರು, ಶೌಚಕ್ಕೆ ಕೊಠಡಿ, ಇಷ್ಟನ್ನೂ ಒಂದೇ ಮೋಟಾರಿನ ಹೊಟ್ಟೆಯಲ್ಲಿ ಅಡಕಮಾಡಿ, ಬೆಂಗಳೂರಿನಿಂದ ದಿನಬಾಡಿಗೆಗೆ ಕೊಡುತ್ತಾರೆ. ಅದಕ್ಕೆ ಕ್ಯಾರವಾನ್ ಎಂದು ಹೆಸರು. ಕೇರಳ ಸರ್ಕಾರವಂತೂ 2021ರಲ್ಲಿ ಈ ಗಾಡಿಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಹಾಸನ ದಾಟಿ, ಆಲೂರು ದಾಟಿ, ಬಾಳ್ಳುಪೇಟೆಯ ಮೇಲೆ ಸಕಲೇಶಪುರದ ಕಡೆಗೆ ಇಂಥ ಮನೆಗಾಡಿ ಹೋಗುವುದನ್ನು ನಮ್ಮ ಓದುಗರಲ್ಲಿ ಹಲವರು ಅಂಗಡಿಯ ಮುಂಗಟ್ಟಿನಲ್ಲಿ ನಿಂತು ನೋಡಿರಬೇಕು.

ನೋಡಿ ನಕ್ಕು ಸುಮ್ಮನಾಗುವ ವಿಷಯ ಇದಲ್ಲವೆಂದು ನಮ್ಮ ಅಭಿಪ್ರಾಯ. ಬೆಟ್ಟ ನೋಡಲು, ಹೂವು ನೋಡಲು, ಗದ್ದೆ ತೋಟಗಳ ನಡುವೆ ನಾಲ್ಕು ದಿನ ನಿಶ್ಚಿಂತೆಯಿಂದ ಕಳೆಯಲು ಮನುಷ್ಯನಿಗೆ ಆಸೆಯಿರುವುದು ತಪ್ಪೇ? ಅಲ್ಲ. ಆ ಆಸೆ ಗಿರಣಿಯಲ್ಲಿ ಎಂಟು ಗಂಟೆ ನಿಂತು ದುಡಿಯುವವನಿಗೂ ಉಂಟು, ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವ ಕಿರಾಣಿ ಅಂಗಡಿಯವನಿಗೂ ಉಂಟು. ಅವರಿಗೆ ಆ ದಾರಿಯಲ್ಲಿ ಇರುವ ಅನುಕೂಲವೇನು ಎಂಬುದೇ ನಾವು ಕೇಳಬೇಕೆಂದಿರುವ ಪ್ರಶ್ನೆ.

ಕ್ಯಾರವಾನ್ ಎಂಬ ಮಾತು ಪಾರಸಿಯದು. ವರ್ತಕರ ಸಾಲು ಎಂದು ಅದರ ಮೂಲ ಅರ್ಥ. ಆ ಅರ್ಥದ ಕ್ಯಾರವಾನು ನಮ್ಮ ಘಟ್ಟದ ದಾರಿಗಳಿಗೆ ಹೊಸದೇನೂ ಅಲ್ಲ. ರೈಲು ಬರುವ ಮುನ್ನ ಕರಾವಳಿಯ ಉಪ್ಪು ಘಟ್ಟ ಹತ್ತುತ್ತಿದ್ದುದು, ಬಯಲುಸೀಮೆಯ ಧಾನ್ಯ ಘಟ್ಟ ಇಳಿಯುತ್ತಿದ್ದುದು ಹೇರೆತ್ತಿನ ಬೆನ್ನಮೇಲೆ. ಲಂಬಾಣಿಗಳ ತಾಂಡಗಳು ಹೆಂಡಿರು ಮಕ್ಕಳ ಸಮೇತ ನೂರಾರು ಎತ್ತುಗಳನ್ನು ಹೊಡೆದುಕೊಂಡು ಸಾಗುತ್ತಿದ್ದುವು. 1791-92ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ಬಂದಾಗ ಅವನ ಸೈನ್ಯದ ಹೊಟ್ಟೆಗೆ ಕಾಳು ಹೊತ್ತು ತಂದವರೂ ಅವರೇ. ಅದೇ 1792ರಲ್ಲಿ ಟಿಪ್ಪು ಸಕಲೇಶಪುರದಾಚೆ ಮಂಜರಾಬಾದಿನ ಎಂಟು ಮೂಲೆಯ ಕೋಟೆ ಕಟ್ಟಿಸಿದ್ದು ಮಂಗಳೂರಿನಿಂದ ಬರುವ ಈ ದಾರಿಯ ಮೇಲೆ ಕಣ್ಣಿಡಲು. ಮೋಟಾರು ಮತ್ತು ರೈಲು ಬಂದು ಹೇರೆತ್ತಿನ ಕಸಬು ಮುಳುಗಿತು; ದಾರಿಯೆಲ್ಲ ತಮ್ಮದಾಗಿದ್ದ ಜನ ದಾರಿಯ ಬದಿಯಲ್ಲಿ ಕೂಲಿಗೆ ನಿಂತರು.

ಮೋಜಿನ ಕ್ಯಾರವಾನು ಬೇರೆ. ಅದರ ಮೊದಲ ಗಾಡಿಯೆಂದು ಹೇಳುವುದು 1885ರಲ್ಲಿ ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯರು ಮಾಡಿಸಿದ ‘ವಾಂಡರರ್’ ಅನ್ನು. ಎರಡು ಕುದುರೆ ಎಳೆಯುವ ಮರದ ಮನೆ ಅದು. ಅದರಲ್ಲಿ ಕುಳಿತು ಅವರು ಸ್ಕಾಟ್ಲೆಂಡಿನ ಇನ್ವರ್ನೆಸ್ ತನಕ ಹೋಗಿ ಬಂದರು. ಬಯಲಿನ ಹೂವು, ಹಳ್ಳಿಯ ಹೊಲ, ಸ್ವಚ್ಛಂದ ಜೀವನ! ಆದರೆ ಗಾಡಿ ಹೊಡೆಯಲು ಒಬ್ಬ ಸಾರಥಿ, ಸೇವೆಗೊಬ್ಬ ಆಳು. ಎದುರು ಬರುವ ಗಾಡಿಗಳಿಗೆ ದಾರಿ ಬಿಡಿರೆಂದು ಹೇಳಲು ಆ ಆಳು ಮೂರು ಚಕ್ರದ ಸೈಕಲ್ಲು ತುಳಿಯುತ್ತ ಮುಂದೆ ಹೋಗುತ್ತಿದ್ದನಂತೆ. ಆ ಬಡಪಾಯಿ ಎಷ್ಟು ಹೂವು ನೋಡಿದನೋ ನಾವರಿಯೆವು.

ನಮ್ಮ ಕಡೆಯ ದಾರಿಗೆ ಬರೋಣ. ಹಾಸನದಿಂದ ಸಕಲೇಶಪುರಕ್ಕೆ ನಲವತ್ತು ಕಿಲೋಮೀಟರು ಇರಬಹುದು. ಅಷ್ಟರೊಳಗೆ ಎರಡು ನಾಡು ದಾಟುತ್ತೇವೆ. ಹಾಸನದ ಸುತ್ತ ಕೆಂಪು ಹೊಲ, ಆಲೂಗೆಡ್ಡೆ, ಜೋಳ. ಆಲೂರಿಗೆ ಬಂದರೆ ತಗ್ಗಿನಲ್ಲಿ ಗದ್ದೆ, ದಿಬ್ಬದಲ್ಲಿ ಶುಂಠಿ. ಬಾಳ್ಳುಪೇಟೆ ಹತ್ತಿರವಾದಂತೆ ಮರದ ನೆರಳು ದಟ್ಟವಾಗಿ ಕಾಫಿ ತೋಟ ಪ್ರಾರಂಭ. ಸಕಲೇಶಪುರದ ಮಳೆ ಹಾಸನದ ಮಳೆಯ ಎರಡು ಪಾಲಿಗೂ ಮಿಕ್ಕಿದ್ದು. ಮುಂಗಾರು ಹಿಂದಾದ ಮೇಲೆ ಬಂದರೆ ಬಯಲ ಹೊಲಗಳಲ್ಲಿ ಹುಚ್ಚೆಳ್ಳಿನ ಹಳದಿ ಹೂವು ಅರಿಸಿನ ಚೆಲ್ಲಿದ ಹಾಗೆ ಕಾಣುತ್ತದೆ. ಮಲೆನಾಡಿನ ದರೆಗಳಲ್ಲಿ ಕರ್ಣಕುಂಡಲ, ಬೇಲಿಯಲ್ಲಿ ಗೌರಿಹೂವು. ಫೆಬ್ರವರಿ ಮಾರ್ಚಿಯಲ್ಲಿ ಎಲೆಯುದುರಿದ ಹಾಲುವಾಣದ ಕೊಂಬೆಯ ತುಂಬ ಕೆಂಪು. ಮುಂಗಾರಿನ ಮೊದಲಿಗೆ ಹಳೆಯ ಮರಗಳ ಮೈಮೇಲೆ ಸೀತೆದಂಡೆ ಇಳಿಬೀಳುತ್ತದೆ. ಇವಕ್ಕೆ ಟಿಕೀಟಿಲ್ಲ. ಬಾಬಾಬುಡನ್ ಗಿರಿಯಲ್ಲಿ 2022ರಲ್ಲಿ ಕುರಿಂಜಿ ಅರಳಿದಾಗ ಜನ ಹುಚ್ಚೆದ್ದು ಓಡಿದರು. ಅದು ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೂವೆಂಬ ಖ್ಯಾತಿ. ವರ್ಷ ವರ್ಷವೂ ಬರುವ ಹೂವಿಗೆ ಖ್ಯಾತಿಯಿಲ್ಲ, ನಮ್ಮ ದುಡಿಯುವ ಜನರ ಹಾಗೆಯೇ.

ಎಲ್ಲಕ್ಕಿಂತ ಮಿಗಿಲಾದುದು ಕಾಫಿ ಹೂವು. ಬೇಸಗೆಯಲ್ಲಿ ಮೊಗ್ಗು ಕಟ್ಟಿ ಗಿಡ ಸುಮ್ಮನೆ ಕಾಯುತ್ತದೆ. ಒಂದು ಹದವಾದ ಮಳೆ ಬಿದ್ದು ಎಂಟು ಹತ್ತು ದಿನ ಕಳೆಯಿತೆಂದರೆ ಒಂದು ಬೆಳಿಗ್ಗೆ ಇಡೀ ತೋಟ ಬಿಳುಪು. ಮಲ್ಲಿಗೆಯಂಥ ಪರಿಮಳ ರಸ್ತೆಯ ತನಕ. ಮೂರು ನಾಲ್ಕು ದಿನದಲ್ಲಿ ಎಲ್ಲವೂ ಕಂದುಬಣ್ಣಕ್ಕೆ ತಿರುಗುತ್ತದೆ. ಪ್ರವಾಸಿ ಆ ಬಿಳುಪನ್ನು ಚಿತ್ರ ಹಿಡಿದುಕೊಂಡು ಹೋಗುತ್ತಾನೆ. ಆದರೆ ಆ ಬಿಳುಪಿನೊಳಗೆ ಒಂದು ಲೆಕ್ಕವಿದೆ. ಮಳೆ ತಡವಾದರೆ ದೊಡ್ಡ ತೋಟದವನು ಹಳ್ಳಕ್ಕೆ ಎಂಜಿನ್ನು ಇಟ್ಟು ಸ್ಪ್ರಿಂಕ್ಲರಿನಲ್ಲಿ ಮಳೆ ಸುರಿಸಿಕೊಳ್ಳುತ್ತಾನೆ. ಎರಡು ಎಕರೆಯವನು ಆಕಾಶ ನೋಡುತ್ತಾನೆ. ಹೂವಿನ ಮೇಲೆ ಮತ್ತೊಂದು ಮಳೆ ಹದಕ್ಕೆ ಬೀಳದಿದ್ದರೆ ಕಾಯಿ ಕಟ್ಟುವುದಿಲ್ಲ. ರೋಬಸ್ಟಾಕ್ಕೆ ಜೇನು ಬೇಕು. ಮದ್ದು ಹೊಡೆದು ಜೇನು ಓಡಿಸಿದ ತೋಟದಲ್ಲಿ ಹೂವೆಷ್ಟಿದ್ದರೇನು? ಕಾಫಿ ಮಂಡಳಿಯ ಕೂಡುದಾಸ್ತಾನು ಇದ್ದ ಕಾಲದಲ್ಲಿ ಬೆಲೆಯ ಚಿಂತೆ ಒಂದು ರೀತಿಯದು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾದ ಮೇಲೆ ನ್ಯೂಯಾರ್ಕು ಲಂಡನ್ನುಗಳ ಪೇಟೆಯ ಏರಿಳಿತ ನೇರವಾಗಿ ಬಾಳ್ಳುಪೇಟೆಯ ಅಂಗಡಿ ಕಟ್ಟೆಗೆ ಬರುತ್ತದೆ. ಸಾಲ ಬರೆಸಿದ ಗಿರಾಕಿ ಯಾವಾಗ ತೀರಿಸುತ್ತಾನೆಂಬುದು ಬ್ರೆಜಿಲಿನ ಹಿಮದ ಮೇಲೆ ನಿಂತಿದೆಯೆಂದು ನಮ್ಮ ವರ್ತಕ ಮಿತ್ರರೊಬ್ಬರು ಹೇಳುವುದು ಹಾಸ್ಯಕ್ಕಲ್ಲ.

ಈ ತೋಟಗಳನ್ನು ಎಬ್ಬಿಸಿದವರ ಕತೆಯೂ ದಾರಿಯ ಕತೆಯೇ. ಮಂಜರಾಬಾದಿನಲ್ಲಿ 1843ರಲ್ಲಿ ಗ್ರೀನ್ ಎಂಬ ಆಂಗ್ಲ ದೊರೆ ಕಾಫಿ ಹಾಕಿದ. 1856ರಲ್ಲಿ ಎಲಿಯಟ್ ಬಂದ. ದೊರೆಗಳ ಹೆಸರು ಪುಸ್ತಕದಲ್ಲಿವೆ. ಮೇಸ್ತ್ರಿಯ ಕೈಯಿಂದ ಮುಂಗಡ ಈಸಿಕೊಂಡು, ತಲೆಯ ಮೇಲೆ ಗಂಟು ಹೊತ್ತು, ಕರಾವಳಿಯಿಂದ ಘಟ್ಟ ಹತ್ತಿ ಬಂದ ಆಳುಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ ರೈಲು ಹತ್ತಿ ಬರುತ್ತಾರೆ. ಬೆಳಿಗ್ಗೆ ಏಳರ ಸುಮಾರಿಗೆ ದಾರಿಯಲ್ಲಿ ನಿಂತು ನೋಡಿ: ಒಂದೊಂದು ಪಿಕಪ್ಪಿನಲ್ಲಿ ಇಪ್ಪತ್ತು ಜನ, ಹೆಂಗಸರೇ ಹೆಚ್ಚು, ಕೈಯಲ್ಲಿ ಬುತ್ತಿ, ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು. ನಾಲ್ವರಿಗೆ ಮಂಚವಿರುವ ಮನೆಗಾಡಿಯೂ ಇಪ್ಪತ್ತು ಜನ ನಿಂತ ಪಿಕಪ್ಪೂ ಒಂದೇ ತಿರುವಿನಲ್ಲಿ ಎದುರಾಗುತ್ತವೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ಮನೆ, ಕುಡಿಯುವ ನೀರು, ಕಕ್ಕಸು ಕೊಡಬೇಕೆಂದು ಮಾಲೀಕನಿಗೆ ವಿಧಿಸಿತು. ಅದಾಗಿ ಎಪ್ಪತ್ತು ವರ್ಷ ಮೀರಿತು. ಮೋಟಾರಿನೊಳಗೆ ಕಕ್ಕಸು ಕೂರಿಸುವ ಜಾಣ್ಮೆ ಬೆಳೆದ ದೇಶದಲ್ಲಿ ಎಷ್ಟು ಲೈನ್ ಮನೆಗಳಿಗೆ ಅದು ಬಂದಿದೆಯೆಂದು ಓದುಗರು ತಮ್ಮ ನೆಂಟರಿಷ್ಟರನ್ನು ವಿಚಾರಿಸಬಹುದು.

ಕಳೆದ ಮಾರ್ಚಿಯಲ್ಲಿ ನಾವೂ ಒಂದು ‘ಕ್ಯಾರವಾನು’ ಹೊರಡಿಸಿದೆವು. ಮಿತ್ರರೊಬ್ಬರ ಹಳೆಯ ಟೆಂಪೋ ಟ್ರಾವೆಲರು, ಒಂಬತ್ತು ಜನ, ಅದರಲ್ಲಿ ಬಟ್ಟೆ ಕಾರ್ಖಾನೆಯ ಇಬ್ಬರು ಹೆಣ್ಣುಮಕ್ಕಳು, ಒಬ್ಬರು ಎಣ್ಣೆ ಗಾಣದವರು, ಒಬ್ಬರು ಸಂತೆಯಲ್ಲಿ ಪಾತ್ರೆ ಮಾರುವವರು. ಚಾಪೆ, ಸೀಮೆ ಅಕ್ಕಿಯ ಚೀಲ, ಒಂದು ಸಿಲಿಂಡರು, ಎರಡು ಕೊಡ. ಹಾಸನ, ಆಲೂರು, ಬಾಳ್ಳುಪೇಟೆ, ಸಕಲೇಶಪುರ, ಹೆತ್ತೂರು, ಬಿಸಿಲೆ, ಮೂರು ದಿನ. ಗಾಣದವರು ಹೊರಡುವಾಗಲೇ ಕೊಕ್ಕೆ ಹಾಕಿದರು. “ಮೇಷ್ಟ್ರೇ, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಾದೆ ಮಾಡಿದೋರು ನಮ್ಮಂಥೋರನ್ನ ನೋಡೇ ಮಾಡಿರ್ಬೇಕು.” ನಾವು ಮೇಷ್ಟ್ರ ಕೆಲಸ ಬಿಟ್ಟು ವರ್ಷಗಳಾದುವು, ಹೆಸರು ಬಿಟ್ಟಿಲ್ಲ. ಅವರ ಮಾತಿಗೆ ಆಗ ನಾವು ಉತ್ತರ ಕೊಡಲಿಲ್ಲ. ಬಾಳ್ಳುಪೇಟೆಯಾಚೆ ತೋಟವೊಂದು ಹೂಬಿಟ್ಟು ನಿಂತಿದ್ದುದನ್ನು ಕಂಡು ಗಾಡಿ ನಿಲ್ಲಿಸಿ ಎಂದವರು ಮಾತ್ರ ಅವರೇ.

ಪ್ರಶ್ನೆ ಉದ್ಭವಿಸಿದ್ದು ನಿಲ್ಲಿಸಿದ ಮೇಲೆ. ಎಲ್ಲಿ ನಿಲ್ಲುವುದು? ಎಡಕ್ಕೆ ತೋಟದ ತಂತಿಬೇಲಿ, ಬಲಕ್ಕೆ ದರೆ. ಹಳ್ಳದ ದಂಡೆಯೆಲ್ಲ ಖಾಸಗಿ ವಿಹಾರಧಾಮ. ಒಳಗೆ ಕಾಲಿಡಲು ತಲೆಗೊಂದು ಶುಲ್ಕ, ಅದು ನಮ್ಮ ಹೆಣ್ಣುಮಕ್ಕಳ ಎರಡು ದಿನದ ಕೂಲಿ. ಗಂಡಸರು ಹೇಗೋ ಕಾಲ ಹಾಕಿಯಾರು, ಹೆಂಗಸರ ಕಷ್ಟ ಹೇಳತೀರದು. ಬೆಳಗಿನಿಂದ ಮಧ್ಯಾಹ್ನದವರೆಗೆ ನೀರೇ ಕುಡಿಯದೆ ಕುಳಿತಿದ್ದರು. ಕೊನೆಗೆ ಒಂದು ಪೆಟ್ರೋಲ್ ಬಂಕಿನವರು ಬೀಗ ತೆಗೆದು ಉಪಕಾರ ಮಾಡಿದರು. ರಾತ್ರಿ ದಾರಿಬದಿ ತಂಗುವ ಮಾತಂತೂ ಇಲ್ಲ. ಆಲೂರು ಸಕಲೇಶಪುರದ ಸೀಮೆಯಲ್ಲಿ ಕತ್ತಲಾದ ಮೇಲೆ ದಾರಿ ಆನೆಯದು. 2014ರ ಸುಮಾರಿಗೆ ಈ ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು; ಹಾವಳಿ ನಿಲ್ಲಲಿಲ್ಲ. ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಪ್ರಾಣ ಬಿಟ್ಟುದು 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕೆಲಸದಲ್ಲೇ. ಅರ್ಜುನನಿಗೆ ನಾಡೇ ಅತ್ತಿತು, ಅಳಬೇಕಾದ್ದೇ. ತೋಟದ ದಾರಿಯಲ್ಲಿ ಆನೆಗೆ ಸಿಕ್ಕಿ ಸತ್ತ ಕೂಲಿಯವನಿಗೆ ಅಳುವವರು ಅವನ ಮನೆಯವರಷ್ಟೆ. ಆನೆಯ ಕಾಟಕ್ಕೂ ಆಳಿನ ಅಭಾವಕ್ಕೂ ಹೆದರಿ ಗದ್ದೆ ಪಾಳು ಬಿಟ್ಟಿರುವುದನ್ನು ದಾರಿಯುದ್ದಕ್ಕೂ ಕಂಡೆವು. ಗದ್ದೆ ಬಿಟ್ಟವನು ಶುಂಠಿಗೆ ಭೂಮಿ ಗುತ್ತಿಗೆ ಕೊಡುತ್ತಾನೆ. 2023ರಲ್ಲಿ ಶುಂಠಿಗೆ ಬಂದ ಬೆಲೆ ಎರಡು ವರ್ಷ ನಿಲ್ಲಲಿಲ್ಲ ಎಂಬುದು ಆಲೂರಿನ ಅಂಗಡಿಯವರಿಗೆ ನಾವು ಹೇಳಬೇಕಾಗಿಲ್ಲ.

ಎರಡನೆಯ ದಿನ ಹಳ್ಳಿಯೊಂದರ ಹೊರಗೆ ಹಳೆಯ ಮಾವಿನ ಮರ ಏಳೆಂಟು ಸಿಕ್ಕವು. ಮುದುಕರೊಬ್ಬರು ದನ ಮೇಯಿಸುತ್ತಿದ್ದರು. “ಇಲ್ಲೇ ಒಲೆ ಹೂಡ್ರಪ್ಪ, ಇದು ಯಾರ್ದೂ ಅಲ್ಲ, ಗುಂಡುತೋಪು” ಎಂದರು.

ಗುಂಡುತೋಪು! ಮೈಸೂರು ಸೀಮೆಯ ಹಳ್ಳಿ ಹಳ್ಳಿಯಲ್ಲಿಯೂ ಇದ್ದ ಸಾರ್ವಜನಿಕ ತೋಪು. ಮಾವು, ಹಲಸು, ನೇರಿಳೆ, ಹುಣಿಸೆ. ಬಳಿಯಲ್ಲಿ ಬಾವಿಯೋ ಕಟ್ಟೆಯೋ. ಗಾಡಿಯ ಸಾಲು ಬಂದು ಕೊರಳು ಬಿಚ್ಚುತ್ತಿದ್ದುದು ಅಲ್ಲಿ. ಸಂತೆಗೆ ಹೋಗುವವನು ಬುತ್ತಿ ಬಿಚ್ಚುತ್ತಿದ್ದುದೂ ಅಲ್ಲಿಯೇ. ದಾರಿಯಲ್ಲಿ ತಲೆಹೊರೆ ಇಳಿಸಲು ಆಳೆತ್ತರದ ಕಲ್ಲು, ಬೇಸಗೆಯಲ್ಲಿ ಅರವಟಿಗೆ, ಊರೊಳಗೆ ಛತ್ರ. ನಮ್ಮ ಹಿರಿಯರು ಯಾವ ಪ್ರವಾಸೋದ್ಯಮ ನೀತಿಯನ್ನೂ ಪ್ರಕಟಿಸದೆ ಇಷ್ಟು ಏರ್ಪಾಡು ಮಾಡಿದ್ದರು. ಛತ್ರದಲ್ಲಿ ಜಾತಿಗೊಂದು ಪಂಕ್ತಿ, ಬಾವಿಗೊಂದು ಮಡಿ ಇತ್ತೆಂಬುದನ್ನು ನಾವು ಮರೆಮಾಚುವುದಿಲ್ಲ. ತೋಪಿನ ನೆರಳಿಗೆ ಮಾತ್ರ ಮಡಿಯಿರಲಿಲ್ಲ. ಕಂದಾಯದ ದಾಖಲೆಗಳಲ್ಲಿ ಇಂದಿಗೂ ಇವು ಗುಂಡುತೋಪು ಎಂಬ ಹೆಸರಿನಲ್ಲಿಯೇ ಉಂಟು. ನೆಲದ ಮೇಲೆ ಎಷ್ಟು ಉಳಿದಿವೆ ಎಂಬುದು ಬೇರೆ ಮಾತು. ಒಂದು ಕಡೆ ನಿವೇಶನ, ಮತ್ತೊಂದು ಕಡೆ ಪಕ್ಕದ ಜಮೀನಿನವರ ಬೇಲಿ ವರ್ಷಕ್ಕೆ ಎರಡು ಮಾರು ಮುಂದೆ ಬರುತ್ತದೆ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಳ್ಳಿಯ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಅಪ್ಪಣೆ ಕೊಟ್ಟಿತು. ಅಪ್ಪಣೆ ಕಾಗದದಲ್ಲಿದೆ, ಬೇಲಿ ನೆಲದಲ್ಲಿದೆ.

ನಮ್ಮ ಒತ್ತಾಯ ದೊಡ್ಡದೇನಲ್ಲ. ಹೆದ್ದಾರಿಯ ಮಗ್ಗುಲಲ್ಲಿ, ಬಾಳ್ಳುಪೇಟೆಯಂಥ ಊರುಗಳ ಆಸುಪಾಸಿನಲ್ಲಿ, ಉಳಿದಿರುವ ಗುಂಡುತೋಪುಗಳನ್ನು ಅಳತೆ ಮಾಡಿಸಿ, ಬೇಲಿ ಹಿಂದೆ ಸರಿಸಿ, ಒಂದು ನಲ್ಲಿ, ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಕಕ್ಕಸು, ಅಡಿಗೆಗೆ ನಾಲ್ಕು ಕಲ್ಲುಕಟ್ಟೆ, ಒಂದು ದೀಪ, ಆನೆ ಬರುವ ಕಡೆಯಲ್ಲಿ ರಾತ್ರಿ ತಂಗಲು ಊರೊಳಗೇ ಒಂದು ಚಾವಡಿ ಕೊಡಿ. ಮನೆಗಾಡಿಯವನೂ ಬಂದು ನಿಲ್ಲಲಿ, ಬಾಡಿಗೆ ಕೊಡಲಿ. ಪಿಕಪ್ಪಿನ ಹೆಂಗಸರೂ ಇಳಿದು ನೀರು ಕುಡಿಯಲಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಗಸ್ಟಿನಿಂದ ಅಕ್ಟೋಬರಿನವರೆಗೆ ಗೋಧಿ ಬೆಳೆಯುವ ಒಳನಾಡು ಕಾಡುಹೂವಿನಿಂದ ತುಂಬುತ್ತದೆ. ಪಿಂಚಣಿ ಪಡೆಯುವ ಸಾಮಾನ್ಯ ಜನ ಗಾಡಿ ಕಟ್ಟಿಕೊಂಡು ಹೊರಡುತ್ತಾರೆ. ಅಲ್ಲಿನ ಎಷ್ಟೋ ಸಣ್ಣ ಊರುಗಳು ತಂಗಲು ಅಗ್ಗದ ಜಾಗ ತಾವೇ ಒದಗಿಸಿವೆ. ತಂಗಿದವನು ರೊಟ್ಟಿ ಆ ಊರಿನ ಅಂಗಡಿಯಲ್ಲೇ ಕೊಳ್ಳುತ್ತಾನಷ್ಟೆ! ನಮ್ಮ ಬಾಳ್ಳುಪೇಟೆಯ ವರ್ತಕರು ಇದನ್ನು ಗಮನಿಸಬೇಕು. ಹೆದ್ದಾರಿ ಅಗಲವಾದಷ್ಟೂ ಮೋಟಾರು ನಿಲ್ಲದೆ ಓಡುತ್ತದೆ. 2018ರಲ್ಲಿ ಶಿರಾಡಿ ಘಾಟಿಯ ರಸ್ತೆ ಆರು ತಿಂಗಳ ಮಟ್ಟಿಗೆ ಮುಚ್ಚಿದಾಗ, 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದಾಗ, ದಾರಿಯನ್ನೇ ನಂಬಿದ ಸಣ್ಣ ಹೋಟೆಲು, ಟಯರು ಅಂಗಡಿ, ಹಣ್ಣಿನ ಗಾಡಿಗಳ ಪಾಡು ಏನಾಯಿತು? ಗುಡ್ಡವನ್ನು ಗೋಡೆಯಂತೆ ನೇರ ಕಡಿದವರ ಗಂಟಲಿನಲ್ಲಿ ಒಂದು ತುತ್ತೂ ಸಿಕ್ಕಿಕೊಳ್ಳಲಿಲ್ಲ.

ರಜೆಯ ಮಾತನ್ನು ಗಾಣದವರ ಗಾದೆಯೊಂದಿಗೇ ತೀರಿಸಬೇಕು. ಹೊಟ್ಟೆಯ ಹಿಟ್ಟೂ ಜುಟ್ಟಿನ ಮಲ್ಲಿಗೆಯೂ ಎದುರಾಳಿಗಳೆಂದು ಹೇಳಿಕೊಟ್ಟವರು ಯಾರು? ಎರಡೂ ಉಳ್ಳವರು. 1932ರ ಏಪ್ರಿಲ್ 24ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಕಡೆಯ ಸುಮಾರು ನಾನೂರು ದುಡಿಯುವ ಹುಡುಗರು, ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಕೆಲಸವಿಲ್ಲದ ಮೆಕ್ಯಾನಿಕ್ಕನ ಮುಂದಾಳುತನದಲ್ಲಿ, ಶ್ರೀಮಂತರು ಬೇಟೆಗೆಂದು ಬೇಲಿ ಹಾಕಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಹತ್ತಿದರು. ಐವರಿಗೆ ಸೆರೆಮನೆಯಾಯಿತು. 1949ರಲ್ಲಿ ಆ ದೇಶದಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. ಆ ಬೆಟ್ಟ ಮೊದಲ ಉದ್ಯಾನದೊಳಕ್ಕೆ ಸೇರಿತು. ಹಸಿದವರೇ ಆ ಹುಡುಗರು. ಅದು ಜಗತ್ತಿಗೇ ಕೆಲಸವಿಲ್ಲದ ಕಾಲ. ಫ್ರಾನ್ಸಿನಲ್ಲಿ 1936ರ ಮುಷ್ಕರಗಳ ಬೆನ್ನಿಗೆ ಎಲ್ಲ ಕೆಲಸಗಾರರಿಗೂ ಹದಿನೈದು ದಿನದ ಸಂಬಳಸಹಿತ ರಜೆ ಬಂದಿತು; ಅಲ್ಲಿನ ಸಮಾಜವಾದಿ ಮಂತ್ರಿ ಲಿಯೊ ಲಗ್ರಾಂಜ್ ರೈಲು ದರದಲ್ಲಿ ನೂರಕ್ಕೆ ನಲವತ್ತರಷ್ಟು ರಿಯಾಯಿತಿ ಕೊಡಿಸಿದರು. ಅನೇಕರು ಸಮುದ್ರವನ್ನು ಹುಟ್ಟಿದ ಮೇಲೆ ಮೊದಲು ನೋಡಿದ್ದು ಆ ಬೇಸಗೆಯಲ್ಲಿ.

ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆಯು 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೊಂದರಂತೆ ಸಂಬಳದ ರಜೆ ಎಂದಿತು. 2020ರ ಸಂಹಿತೆಯು 240ನ್ನು 180 ಮಾಡಿತು. ಅಕ್ಷರ ಸರಿಯಾಗಿದೆ. ಆದರೆ ಗುತ್ತಿಗೆಯವನ ಹೆಸರಿನಲ್ಲಿ ವರ್ಷಕ್ಕೆರಡು ಬಾರಿ ಪಟ್ಟಿ ಬದಲಾಗುವ ಕಡೆ ದಿನ ತುಂಬುವುದೆಂದು? ಅಂಗಡಿ ಮಾಲೀಕನಿಗೆ ಯಾವ ಕಾಯಿದೆಯ ರಜೆ? ನಮ್ಮ ಗಾಡಿಯಲ್ಲಿ ಬಂದ ಹೆಣ್ಣುಮಕ್ಕಳಿಬ್ಬರೂ ಮೂರು ದಿನದ ಕೂಲಿ ಬಿಟ್ಟು ಬಂದವರು. ಹೆತ್ತೂರಿನ ಇಳಿಜಾರಿನಲ್ಲಿ ಅವರಲ್ಲೊಬ್ಬಾಕೆ ಹೇಳಿದ ಮಾತು ನಮಗೆ ನೆನಪಿದೆ: “ನಾವು ಹೊಲಿಯೋ ಬಟ್ಟೆ ಮೇಲೆ ಇಂಥ ಹೂವೇ ಇರ್ತವೆ ಸಾರ್. ಬಿಡಿಸಿ ನೋಡೋಕೆ ಟೈಮಿರಲ್ಲ.”

ಬಡವರ ಕ್ಯಾರವಾನು ಎನ್ನಬಹುದಾದ ಒಂದು ಈಗಾಗಲೇ ಓಡುತ್ತಿದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿಲ್ಲ. ದೇವಸ್ಥಾನಕ್ಕೆ ಹೋದರೆಂದು ನಗುವವರುಂಟು. ಮನೆ ಬಿಟ್ಟು ಹೊರಡಲು ನಮ್ಮ ಹೆಂಗಸರಿಗೆ ಬೇರೆ ಯಾವ ಕಾರಣವನ್ನು ಈ ಸಮಾಜ ಒಪ್ಪಿದೆ? ಆ ಬಸ್ಸುಗಳ ಸಂಖ್ಯೆ ಹೆಚ್ಚಬೇಕು, ಆಲೂರು ಸಕಲೇಶಪುರದ ಒಳದಾರಿಗಳಿಗೂ ಬರಬೇಕು. ರೈಲಿನದು ಇನ್ನೊಂದು ರಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಐವತ್ತೈದು ಕಿಲೋಮೀಟರು, ಐವತ್ತೇಳು ಸುರಂಗ. ಜಗತ್ತಿನಲ್ಲಿ ಅಪರೂಪದ ದಾರಿ. 2021ರ ಜುಲೈಯಲ್ಲಿ ಆ ದಾರಿಯ ರೈಲಿಗೆ ಗಾಜಿನ ಸೂರಿನ ಬೋಗಿ ಸೇರಿಸಿದರು. ಅದರ ದರ ಕೊಡಬಲ್ಲವನಿಗೆ ಆಕಾಶ ಕಾಣುತ್ತದೆ. ಹಿಂದಿನ ಸಾಮಾನ್ಯ ಬೋಗಿಯಲ್ಲಿ ಬಾಗಿಲ ಬಳಿ ನಿಂತವನಿಗೆ ಮುಂದಿನವನ ಬೆನ್ನು.

ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳಲ್ಲಿ ದಾಖಲೆಯಲ್ಲಿರುವ ಗುಂಡುತೋಪುಗಳ ಸರ್ವೆ ನಂಬರು, ವಿಸ್ತೀರ್ಣ ಮತ್ತು ಇಂದಿನ ಸ್ಥಿತಿಯನ್ನು ಕೇಳಿ ಇಬ್ಬರು ತಹಸೀಲ್ದಾರರಿಗೂ ಮಾಹಿತಿ ಹಕ್ಕಿನ ಅರ್ಜಿ ತಯಾರಾಗಿದೆ. ಮುಂದಿನ ಗ್ರಾಮಸಭೆಗಳಲ್ಲಿ ಮಂಡಿಸಲು ಒಂದು ಠರಾವಿನ ಕರಡೂ ಇದೆ. ತಮ್ಮ ಊರಿನ ತೋಪು ಎಲ್ಲಿತ್ತೆಂದು ಬಲ್ಲ ಹಿರಿಯರು, ಸಹಿ ಹಾಕಲಿಚ್ಛಿಸುವ ಗಿರಣಿ ಬಂಧುಗಳು ಮತ್ತು ವರ್ತಕರು ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಕಛೇರಿಗೆ ಬರಬಹುದು. ಹಳೆಯ ಪಹಣಿಯ ನಕಲಿದ್ದರೆ ಜೊತೆಗೆ ತರಬೇಕಾಗಿ ಕೋರಿಕೆ.